ಅಮ್ಮನ ಜೊತೆ ಕಾಂಗೇರ್ ಕಣಿವೆಗೆ: ಹೋಗಿ ಬಂದವರು ಹೇಳಿ

ದಾವಣಗೆರೆಯಿಂದ:
ಡಿಸೆಂಬರ್ ಕೊನೆಗೆ ಛತ್ತೀಸ್‌ಗಢದ ಬಸ್ತರ್ ಕಡೆ ಹೊರಟಿದ್ದೇವೆ. ಕೈಯಲ್ಲಿರುವುದು ಮೂರು ದಿನ. ಜೊತೆಗೆ ಅಮ್ಮ, 67 ವರ್ಷ, ಮಂಡಿನೋವು. ಕಾಂಗೇರ್ ಕಣಿವೆ ರಾಷ್ಟ್ರೀಯ ಉದ್ಯಾನದಲ್ಲಿ ಏನು ನೋಡಬೇಕು, ಏನು ಬಿಡಬೇಕು? ಅಮ್ಮ ಗುಹೆಗೆ ಇಳಿಯಬಹುದಾ?

ಧಾರವಾಡದಿಂದ:
ಕುಟುಮ್ಸರ್ ಗುಹೆಗೆ ಅಮ್ಮನನ್ನು ಇಳಿಸಬೇಡಿ, ಮೊದಲೇ ಹೇಳಿಬಿಡುತ್ತೇನೆ. ಗುಹೆಯ ಬಾಯಿ ತೀರಾ ಇಕ್ಕಟ್ಟು. ಒಬ್ಬೊಬ್ಬರೇ ಬಾಗಿಕೊಂಡು ಹೋಗಬೇಕು, ಕಾಲ ಕೆಳಗೆ ಜಾರುತ್ತದೆ. ಹೊರಗೆ ಸ್ವೆಟರ್ ಹಾಕುವಷ್ಟು ಚಳಿ ಇತ್ತು, ಒಳಗೆ ಹತ್ತೇ ನಿಮಿಷಕ್ಕೆ ಬೆವರಿಳಿಯಿತು.

ಆದರೆ ನೀವು ತಪ್ಪಿಸಬೇಡಿ. ಅದು ಸುಣ್ಣಕಲ್ಲಿನ ಗುಹೆ. ಮಳೆನೀರು ಬಿರುಕುಗಳಲ್ಲಿ ಇಳಿದು ಕಲ್ಲನ್ನೇ ಕರಗಿಸಿ ಹಾದಿ ಮಾಡಿಕೊಂಡಿದೆ. ಅದೇ ನೀರು ತೊಟ್ಟಿಕ್ಕುವಾಗ ಬಿಟ್ಟುಹೋದ ಸುಣ್ಣ ಮೇಲಿಂದ ಕೆಚ್ಚಲಿನ ಹಾಗೆ ಇಳಿಬಿದ್ದಿದೆ, ಕೆಳಗಿಂದ ಹುತ್ತದ ಹಾಗೆ ಎದ್ದಿದೆ. ಮುಟ್ಟಬೇಡಿ, ಕೈಯ ಜಿಡ್ಡು ಅಂಟಿದರೆ ಆ ಕಲ್ಲು ಮುಂದೆ ಬೆಳೆಯುವುದು ಕಷ್ಟ. ಗೈಡ್ ಒಮ್ಮೆ ದೀಪ ಆರಿಸಿದರು. ಅಂಥ ಕತ್ತಲೆ ನಾನು ನೋಡಿರಲಿಲ್ಲ. ಅಲ್ಲಿನ ಹೊಂಡಗಳಲ್ಲಿ ಕುರುಡು ಮೀನುಗಳಿವೆ. ತಲೆಮಾರುಗಳಿಂದ ಬೆಳಕೇ ಇಲ್ಲದ ಕಡೆ ಕಣ್ಣು ಇಟ್ಟುಕೊಂಡು ಏನು ಮಾಡುವುದು ಹೇಳಿ! ನಮಗೆ ಎರಡೇ ಎರಡು ಕಂಡವು, ಅದೂ ಗೈಡ್ ತೋರಿಸಿದ ಮೇಲೆ.

ಮೈಸೂರಿನಿಂದ:
ಡಿಸೆಂಬರ್ ಆರಿಸಿಕೊಂಡಿದ್ದು ಒಳ್ಳೆಯದಾಯಿತು. ನಾನು ಆಗಸ್ಟ್‌ನಲ್ಲಿ ಹೋಗಿ ಪೆಚ್ಚಾದವನು. ಮಳೆಗಾಲದಲ್ಲಿ ಗುಹೆಯೊಳಗೆ ನೀರು ನುಗ್ಗುತ್ತದೆ, ಹಾಗಾಗಿ ಮುಚ್ಚಿರುತ್ತಾರೆ. ವಿಚಾರಿಸದೆ ಹೋದದ್ದು ನನ್ನದೇ ತಪ್ಪು. ಕೈಲಾಸ್, ದಂಡಕ್ ಅಂತ ಇನ್ನೂ ಎರಡು ಗುಹೆಗಳಿವೆ, 1993 ಮತ್ತು 1995ರಲ್ಲಿ ಗೊತ್ತಾದವು. ಮೂರು ದಿನಕ್ಕೆ ಒಂದು ಗುಹೆ ಸಾಕು. ಉಳಿಯುವುದು ಜಗದಲ್‌ಪುರ ಪಟ್ಟಣದಲ್ಲೇ ಇಟ್ಟುಕೊಳ್ಳಿ, ಉದ್ಯಾನಕ್ಕೆ ಅಲ್ಲಿಂದ ಸುಮಾರು 30 ಕಿ.ಮೀ. ಅಷ್ಟೆ. ವಿಶಾಖಪಟ್ಟಣದಿಂದ ಕಿರಂದುಲ್ ರೈಲು ಹಿಡಿದರೆ ಅರಕು ಘಟ್ಟ ನೋಡಿಕೊಂಡೇ ಬರಬಹುದು. ಹೊತ್ತು ಜಾಸ್ತಿ ಹಿಡಿಯುತ್ತದೆ, ಬೇಜಾರಾಗುವುದಿಲ್ಲ.

ಶಿವಮೊಗ್ಗದಿಂದ:
ನನ್ನ ಅತ್ತೆಗೂ ಮಂಡಿನೋವು, ಹಾಗಾಗಿ ನಿಮ್ಮ ಪ್ರಶ್ನೆ ನನ್ನದೇ ಅನ್ನಿಸಿತು. ಮನೆಯವರು ಗುಹೆಗೆ ಹೋದರು, ನಾವಿಬ್ಬರೂ ಹೊರಗೆ ಮರದ ಕೆಳಗೆ ಕೂತೆವು. ಅಲ್ಲಿ ಬೆಟ್ಟದ ಮೈನಾ ಇದೆ, ಛತ್ತೀಸ್‌ಗಢದ ರಾಜ್ಯಪಕ್ಷಿ. ಮನುಷ್ಯರ ಮಾತನ್ನೇ ಅಣಕಿಸುವ ಹಕ್ಕಿ. ನಮಗೆ ಕೂಗು ಕೇಳಿಸಿತು, ಹಕ್ಕಿ ಕಾಣಲಿಲ್ಲ.

ತೀರಥ್‌ಗಢ ಜಲಪಾತಕ್ಕೆ ಹೋಗಿ, ಆದರೆ ಅಮ್ಮ ಮೇಲಿಂದಲೇ ನೋಡಲಿ. ಕೆಳಗಿಳಿಯಲು ಮೆಟ್ಟಿಲು ಬಹಳ. ಎತ್ತರ ಸುಮಾರು 300 ಅಡಿ. ನಮ್ಮ ಜೋಗದ ಹಾಗೆ ಒಂದೇ ನೆಗೆತ ಅಲ್ಲ, ಕಲ್ಲಿನ ಹಂತಗಳ ಮೇಲೆ ಹರಡಿಕೊಂಡು ಮಜ್ಜಿಗೆ ಸುರಿದ ಹಾಗೆ ಬರುತ್ತದೆ. ಚಿತ್ರಕೋಟ್ ಜಲಪಾತವನ್ನೂ ಎಲ್ಲರೂ ಹೇಳುತ್ತಾರೆ. ಅದು ಉದ್ಯಾನದ ಹೊರಗೆ, ಇಂದ್ರಾವತಿ ನದಿಯದು, ಅದಕ್ಕೆ ಬೇರೆ ದಿನವೇ ಬೇಕು.

ಅತ್ತೆಗೆ ಎಲ್ಲಕ್ಕಿಂತ ಹಿಡಿಸಿದ್ದು ಧುಡ್‌ಮಾರಾಸ್ ಹಳ್ಳಿ. ಊರಿನ ಹುಡುಗರು ಕಾಂಗೇರ್ ಹೊಳೆಯಲ್ಲಿ ಬಿದಿರಿನ ತೆಪ್ಪದಲ್ಲಿ ಕರೆದುಕೊಂಡು ಹೋಗುತ್ತಾರೆ. ಎರಡೂ ದಡದಲ್ಲಿ ಕಾಡು, ನೀರು ನಿಧಾನ. ಅವರು ಧುರ್ವಾ ಜನ. ಅವರ ಭಾಷೆಯೂ ಕನ್ನಡದ ದೂರದ ನೆಂಟ, ದ್ರಾವಿಡ ಕುಟುಂಬದ್ದೇ. ಗೊತ್ತಾದ ಮೇಲೆ ಅತ್ತೆ ದಾರಿಯುದ್ದಕ್ಕೂ ಕನ್ನಡದಲ್ಲೇ ಮಾತಾಡಿದರು, ಆ ಹುಡುಗ ನಗುತ್ತಾ ತಲೆಯಾಡಿಸಿದ. ಒಂದು ಮಾತು: ಹೊಳೆಯಲ್ಲಿ ಕಂಡಕಂಡಲ್ಲಿ ಇಳಿಯಬೇಡಿ. ಇದೇ ಉದ್ಯಾನದ ಭೈಂಸಾದರ್ಹಾ ಮಡುವಿನಲ್ಲಿ ಮೊಸಳೆಗಳಿವೆ.

ದಾವಣಗೆರೆಯಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಗುಹೆ, ಜಲಪಾತ ಎರಡನ್ನೂ ಬಿಟ್ಟು "ತೆಪ್ಪ ಯಾವತ್ತು?" ಅಂತ ಕೇಳುತ್ತಿದ್ದಾರೆ. ಲೈಫ್ ಜಾಕೆಟ್ ಕೊಡುತ್ತಾರಲ್ವಾ?

ಶಿವಮೊಗ್ಗದಿಂದ:
ನಮಗೆ ಕೊಟ್ಟಿದ್ದರು. ಹಾಕಿಕೊಳ್ಳದೆ ಹತ್ತಿಸಬೇಡಿ.