ಒಂದೇ ಗೂಗಲ್ ಅಕೌಂಟ್, ಎರಡು ಫೋನ್: ಬೇರೆ ಮಾಡೋದು ಹೇಗೆ?

ಪ್ರಶ್ನೆ: ಅಮ್ಮನ ಆಂಡ್ರಾಯ್ಡ್ ಫೋನು, ನನ್ನ ಫೋನು ಎರಡೂ ನನ್ನ ಅಕೌಂಟ್‌ನಲ್ಲೇ ಇವೆ. ಅವರ ಫೋಟೊ ನನಗೆ ಬರುತ್ತೆ, ನನ್ನ ಆಫೀಸಿನ ನಂಬರುಗಳೆಲ್ಲ ಅವರಲ್ಲಿ. ಅಮ್ಮನಿಗೆ ಹೊಸ ಅಕೌಂಟ್ ಮಾಡಿದ್ದೇನೆ. ಅವರ ಫೋನಿನಲ್ಲಿ ನನ್ನವನ್ನೆಲ್ಲ ಡಿಲೀಟ್ ಮಾಡ್ತಾ ಹೋದರೆ ಸಾಕಾ ಸರ್?

ಉತ್ತರ: ಅದೊಂದು ಮಾತ್ರ ಮಾಡಬೇಡಿ. ಅಕೌಂಟ್ ಒಂದೇ ಇರುವವರೆಗೆ ಅಲ್ಲಿ ಅಳಿಸಿದ್ದು ನಿಮ್ಮ ಫೋನಿನಿಂದಲೂ ಹೋಗುತ್ತೆ. ಈಗಾಗಲೇ ಅಳಿಸಿದ್ದರೆ ಟ್ರ್ಯಾಶ್ ನೋಡಿ: ಬ್ಯಾಕಪ್ ಆಗಿದ್ದ ಫೋಟೊ 60 ದಿನ, ಕಾಂಟ್ಯಾಕ್ಟ್ 30 ದಿನ ಅಲ್ಲಿರುತ್ತೆ.

ಹೆಚ್ಚು ಜನ ಎಡವುವುದು ಫೋಟೊದಲ್ಲಿ. ಅಮ್ಮನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಎರಡು ವರ್ಷ ಹಿಂದಿನ ಒಂದು ಫೋಟೊ ತೆರೆದು ದೊಡ್ಡದು ಮಾಡಿ. ಮಸುಕಾಗಿಯೇ ಉಳಿದರೆ ಅದು ಫೋನಿನಲ್ಲಿಲ್ಲ, ಕ್ಲೌಡ್‌ನಲ್ಲಿ (ಗೂಗಲ್‌ನ ಸರ್ವರ್‌ನಲ್ಲಿ) ಮಾತ್ರ ಇದೆ. ಯಾವಾಗಲೋ ‘ಫ್ರೀ ಅಪ್ ಸ್ಪೇಸ್’ ಒತ್ತಿರುತ್ತಾರೆ, ಅದು ಬ್ಯಾಕಪ್ ಆದ ಫೋಟೊಗಳನ್ನು ಫೋನಿನಿಂದ ಅಳಿಸುತ್ತೆ. ಇಂಥ ಫೋನಿನಿಂದ ಅಕೌಂಟ್ ತೆಗೆದರೆ ಆ ಫೋಟೊಗಳೂ ಕಾಣೆ.

ಹಾಗಾಗಿ ಗೂಗಲ್ ಫೋಟೋಸ್ ಸೆಟ್ಟಿಂಗ್ಸ್‌ನಲ್ಲಿ ‘ಪಾರ್ಟ್ನರ್ ಶೇರಿಂಗ್’ (ಫೋಟೊಗಳನ್ನು ಇನ್ನೊಬ್ಬರ ಅಕೌಂಟ್‌ಗೆ ಹಂಚುವ ಸೌಲಭ್ಯ) ತೆರೆದು, ಹಳೇ ಅಂದರೆ ನಿಮ್ಮ ಅಕೌಂಟ್‌ನಿಂದ ಅಮ್ಮನ ಹೊಸ ಅಕೌಂಟ್‌ಗೆ ಕಳಿಸಿ. ಆಯ್ದ ಮುಖಗಳಿರುವ ಫೋಟೊಗಳನ್ನಷ್ಟೇ ಕಳಿಸಬಹುದು, ಆದರೆ ಮನೆ, ಗಿಡ, ರಸೀದಿಯ ಫೋಟೊಗಳಲ್ಲಿ ಮುಖ ಇರಲ್ಲವಲ್ಲ, ಅವನ್ನು ಕೈಯಾರೆ ಆರಿಸಬೇಕು. ಅಮ್ಮನ ಕಡೆ ‘ಸೇವ್’ ಆನ್ ಆಗಿರಲೇಬೇಕು. ಬರೀ ಕಾಣಿಸುತ್ತಿದ್ದರೆ ಅದಿನ್ನೂ ನಿಮ್ಮದೇ, ಸೇವ್ ಆದ ಮೇಲೆ ಅವರದು. ಸೇವ್ ಆದದ್ದು ಅವರ 15 ಜಿಬಿಯಲ್ಲಿ ಲೆಕ್ಕಕ್ಕೆ ಬರುತ್ತೆ, ಅದರಲ್ಲೇ ಜಿಮೇಲ್, ಡ್ರೈವ್ ಕೂಡ. ಸಾಲದಿದ್ದರೆ ಗೂಗಲ್ ಒನ್ (ದುಡ್ಡು ಕೊಟ್ಟು ಹೆಚ್ಚು ಜಾಗ ಪಡೆಯುವ ಪ್ಲಾನ್) ತಗೊಂಡು ಫ್ಯಾಮಿಲಿ ಗ್ರೂಪ್ ಮಾಡಿ. ಜಾಗ ಮಾತ್ರ ಹಂಚಿಕೆ, ಒಬ್ಬರ ಫೈಲ್ ಇನ್ನೊಬ್ಬರಿಗೆ ಕಾಣಲ್ಲ.

ಕಾಂಟ್ಯಾಕ್ಟ್ಸ್ ಸುಲಭ. ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಅಮ್ಮನಿಗೆ ಬೇಕಾದವನ್ನು ಟಿಕ್ ಮಾಡಿ ಎಕ್ಸ್‌ಪೋರ್ಟ್, ಹೊಸ ಅಕೌಂಟ್‌ನಲ್ಲಿ ಇಂಪೋರ್ಟ್. ಸೇವ್ ಆದ ಪಾಸ್‌ವರ್ಡ್‌ಗಳಿರುವ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲೂ ಎಕ್ಸ್‌ಪೋರ್ಟ್ ಇದೆ. ಆದರೆ ಆ ಫೈಲಿನಲ್ಲಿ ಎಲ್ಲ ಪಾಸ್‌ವರ್ಡೂ ಬಿಚ್ಚಿಟ್ಟಂತೆ ಇರುತ್ತೆ. ಕೆಲಸ ಮುಗಿದ ತಕ್ಷಣ ಡೌನ್‌ಲೋಡ್ಸ್‌ನಿಂದ, ಟ್ರ್ಯಾಶ್‌ನಿಂದ ಎರಡೂ ಕಡೆ ಅಳಿಸಿ. ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳು ಹಳೇ ಅಕೌಂಟ್‌ನಲ್ಲೇ ಉಳಿಯುತ್ತವೆ.

ಇನ್ನೊಬ್ಬರ ಪ್ರಶ್ನೆ: ಅಕೌಂಟ್ ತೆಗೆದರೆ ವಾಟ್ಸಾಪ್ ಚಾಟ್ ಹೋಗುತ್ತಾ?

ಉತ್ತರ: ಇಲ್ಲ, ಚಾಟ್ ಫೋನಿನಲ್ಲೇ ಇರುತ್ತೆ. ಹೋಗೋದು ಬ್ಯಾಕಪ್‌ನ ವಿಳಾಸ. ವಾಟ್ಸಾಪ್‌ನ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಗೂಗಲ್ ಅಕೌಂಟನ್ನು ಹೊಸದಕ್ಕೆ ಬದಲಿಸಿ ಒಮ್ಮೆ ಬ್ಯಾಕಪ್ ಒತ್ತಿ. ಮುಂದೆ ಫೋನ್ ಬದಲಿಸಿದಾಗ ಅದೇ ನಂಬರು, ಅದೇ ಅಕೌಂಟ್ ಎರಡೂ ಕೂಡಿದರಷ್ಟೇ ಆ ಬ್ಯಾಕಪ್ ಸಿಗೋದು.

ಮೊದಲು ಕೇಳಿದವರು: ಕೊನೆಗೆ ಸೈನ್ ಔಟ್ ಮಾಡಿದರೆ ಮುಗೀತಾ?

ಉತ್ತರ: ಅದಕ್ಕೂ ಮುಂಚೆ ಹಳೇ ಅಕೌಂಟ್‌ನ ರಿಕವರಿ ನಂಬರ್ ಯಾರದು ನೋಡಿ. ಅಮ್ಮನದಿದ್ದರೆ ನಿಮ್ಮದು ಹಾಕಿ, ಇಲ್ಲದಿದ್ದರೆ ಪಾಸ್‌ವರ್ಡ್ ಮರೆತ ದಿನ ಕೋಡ್ ಅವರಿಗೆ ಹೋಗುತ್ತೆ. ಆಮೇಲೆ ಅಮ್ಮನ ಫೋನಿನಲ್ಲಿ ಹೊಸ ಅಕೌಂಟ್ ಸೇರಿಸಿ, ಏರೋಪ್ಲೇನ್ ಮೋಡ್ ತೆಗೆದು ಹಳೇ ಫೋಟೊ, ನಾಲ್ಕು ನಂಬರು ಹೊಸ ಅಕೌಂಟ್‌ನಲ್ಲಿವೆಯೇ ಅಂತ ನೋಡಿ ಹಳೆಯದನ್ನು ‘ರಿಮೂವ್’ ಮಾಡಿ. ನಿಮ್ಮ ಫೋನಿನಲ್ಲಿ ಗೂಗಲ್ ಅಕೌಂಟ್‌ನ ಸೆಕ್ಯುರಿಟಿಗೆ ಹೋಗಿ ಡಿವೈಸ್ ಪಟ್ಟಿಯಲ್ಲಿ ಅವರ ಫೋನ್ ಉಳಿದಿದ್ದರೆ ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಅವರ ಫೋಟೊ, ನಂಬರು ನಿಮ್ಮ ಕಡೆಯಿಂದ ಅಳಿಸೋದು ಇದೆಲ್ಲ ಆಗಿ ಒಂದು ವಾರ ಬಿಟ್ಟು.