ಬ್ಯಾಂಕಾಕ್ 'ಬಿ' ಅಸಲಿಯೋ ನಕಲಿಯೋ? ಅನುಭವ ಇದ್ದವರು ಹೇಳಿ

ಹೊಸ ಆಲ್ಬಂ: ಎಲ್ಲರಿಗೂ ನಮಸ್ಕಾರ. ಸಿಂಗಾಪುರ ಕಡೆಯ ಬ್ರಿಟಿಷ್ ವಸಾಹತು ಸ್ಟ್ರೈಟ್ಸ್ ಸೆಟ್ಲ್‌ಮೆಂಟ್ಸ್‌ನ 2 ಸೆಂಟ್ ಗುಲಾಬಿ ಸ್ಟ್ಯಾಂಪ್ ಒಂದು ಸಿಕ್ಕಿದೆ. ಯೂಸ್ಡ್, ಅಂದರೆ ಅಂಚೆ ಮುದ್ರೆ ಬಿದ್ದದ್ದು. ಮೇಲೆ ಬ್ಯಾಂಕಾಕ್ ಬ್ರಿಟಿಷ್ ಅಂಚೆ ಆಫೀಸಿನ ಕಪ್ಪು 'ಬಿ' ಓವರ್‌ಪ್ರಿಂಟ್ (ಅಚ್ಚಾದ ಸ್ಟ್ಯಾಂಪ್ ಮೇಲೆ ಮತ್ತೆ ಒತ್ತಿದ ಅಕ್ಷರ) ಇದೆ. ಮಾರುವವರು 9,500 ಹೇಳುತ್ತಿದ್ದಾರೆ. ನಾಲ್ಕಾರು ಸಿ.ಇ.ಎಫ್. (ಚೀನಾ ಎಕ್ಸ್‌ಪೆಡಿಷನರಿ ಫೋರ್ಸ್) ಸ್ಟ್ಯಾಂಪ್‌ಗಳನ್ನು ಸುಮ್ನೆ ಕೊಡುತ್ತಾರಂತೆ. ಸರ್ಟಿಫಿಕೇಟ್ ಇಲ್ಲ. ಹೊರದೇಶಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದವರು ಇದ್ದೀರಾ? ಖರ್ಚು ಎಷ್ಟಾಯಿತು? ಮನೆಯಲ್ಲೇ ನೋಡಿ ಹೇಳಬಹುದಾ?

45 ಡಿಗ್ರಿ: ಖರ್ಚು ಕೇಳಿದಿರಲ್ಲ, ಬರೆದುಕೊಳ್ಳಿ. ನನ್ನದು ಚೀನಾದಲ್ಲಿದ್ದ ಜರ್ಮನ್ ಅಂಚೆ ಆಫೀಸಿನದು. 1898ರಲ್ಲಿ ಹದ್ದಿನ ಸ್ಟ್ಯಾಂಪ್‌ಗಳ ಮೇಲೆ ಓರೆಯಾಗಿ 'ಚೀನಾ' ಅಂತ ಒತ್ತಿದರು. 56 ಡಿಗ್ರಿ ಓರೆ ಇರುವುದು ಎಲ್ಲರ ಹತ್ತಿರವೂ ಇರುತ್ತದೆ. 45 ಡಿಗ್ರಿಯದಕ್ಕೆ ಬೆಲೆ ಜಾಸ್ತಿ, ಆದ್ದರಿಂದ ಖೋಟಾ ಮಾಡುವವರಿಗೂ ಅದೇ ಇಷ್ಟ. ನಾನು ಕೊಟ್ಟಿದ್ದು 14,000. ಕೋನ ಅಳೆದು ನೋಡಿದೆ, ಸರಿಯಾಗಿ 45. ಆದರೂ ಜರ್ಮನಿಯ ಬಿಪಿಪಿ (ಸ್ಟ್ಯಾಂಪ್ ಪರೀಕ್ಷಕರ ಸಂಘ) ಪರೀಕ್ಷಕರಿಗೆ ಕಳಿಸಿದೆ. ಅಂಚೆ ಮತ್ತು ಇನ್ಶೂರೆನ್ಸ್ 2,150. ಫೀ 6,300. ಯೂರೋ ಕಳಿಸಲು ಬ್ಯಾಂಕಿನವರ ಕಮಿಷನ್ 740. ವಾಪಸ್ ಬರುವಾಗ ಡ್ಯೂಟಿ 2,210. ನನ್ನದೇ ಸ್ಟ್ಯಾಂಪ್ ನನಗೇ ವಾಪಸ್ ಬಂದರೆ ಡ್ಯೂಟಿ ಯಾಕೆ ಅಂತ ಯಾರೂ ಹೇಳಲಿಲ್ಲ. ಒಟ್ಟು 11,400. ಉತ್ತರ: ಸ್ಟ್ಯಾಂಪ್ ಅಸಲಿ, ಓವರ್‌ಪ್ರಿಂಟ್ ಖೋಟಾ. ಮಾರಿದವರಿಗೆ ಫೋನ್ ಮಾಡಿದರೆ 'ನೀವೇ ನೋಡಿ ತಗೊಂಡಿದ್ದಲ್ವಾ' ಅಂದರು. ಈಗ ಮೆಸೇಜ್ ನೋಡಿಯೂ ಉತ್ತರ ಕೊಡುವುದಿಲ್ಲ.

ಕವರ್ ಮಾತ್ರ: ಇದಕ್ಕೇ ನಾನು ಬಿಡಿ ಸ್ಟ್ಯಾಂಪ್ ಮುಟ್ಟುವುದಿಲ್ಲ, ಅಂಚೆಯಲ್ಲಿ ಹೋದ ಇಡೀ ಕವರ್ ಮಾತ್ರ. ಈ ವಿಷಯದಲ್ಲಿ ವಾಟರ್‌ಮಾರ್ಕ್, ಪರ್ಫೊರೇಷನ್ (ಅಂಚಿನ ತೂತು) ಎಲ್ಲ ನೋಡಿ ಏನೂ ಸುಖವಿಲ್ಲ. ಕಾಗದ ಸರ್ಕಾರದ್ದೇ, ಮೇಲಿನ ಶಾಯಿ ಮಾತ್ರ ಸುಳ್ಳು. ನನ್ನ ಸಂಗ್ರಹ ಪೂರ್ತಿ ಈಜಿಪ್ಟ್, ಟರ್ಕಿಯ ಬ್ರಿಟಿಷ್ ಆಫೀಸುಗಳದ್ದು. ಅಲ್ಲಿ ಮೊದಮೊದಲು ಓವರ್‌ಪ್ರಿಂಟೇ ಇರಲಿಲ್ಲ. ಇಂಗ್ಲೆಂಡಿನ ಸ್ಟ್ಯಾಂಪನ್ನೇ ಅಂಟಿಸುತ್ತಿದ್ದರು, ಮುದ್ರೆಯ ನಂಬರ್ ನೋಡಿ ಊರು ತಿಳಿಯಬೇಕು. ಅಲೆಕ್ಸಾಂಡ್ರಿಯಾಕ್ಕೆ ಬಿ01, ಸೂಯೆಜ್‌ಗೆ ಬಿ02, ಬೈರೂತಿಗೆ ಜಿ06, ಸ್ಮಿರ್ನಾಕ್ಕೆ ಎಫ್87. ಒಬ್ಬರು ನನಗೆ ಪೆನ್ನಿ ರೆಡ್ (ಇಂಗ್ಲೆಂಡಿನ ಒಂದು ಪೆನ್ನಿಯ ಕೆಂಪು ಸ್ಟ್ಯಾಂಪ್) ಮೇಲೆ ಚಂದದ ಬಿ01 ತೋರಿಸಿದರು. 6,000ಕ್ಕೆ ಬಿಡುತ್ತೇನೆ ಅಂದರು. ಅಂಚಿನಲ್ಲಿ ಪ್ಲೇಟ್ ನಂಬರ್ (ಅಚ್ಚು ಹಾಕಿದ ತಗಡಿನ ನಂಬರ್) ಓದಿದೆ, 225. ಆ ಪ್ಲೇಟ್ ಬಂದಿದ್ದು 1879ರಲ್ಲಿ. ಅಲೆಕ್ಸಾಂಡ್ರಿಯಾ ಆಫೀಸ್ ಮುಚ್ಚಿದ್ದು 1878ರಲ್ಲಿ. ನಮಸ್ಕಾರ ಹೇಳಿ ಎದ್ದು ಬಂದೆ. ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ.

45 ಡಿಗ್ರಿ: ಎಲ್ಲ ಸ್ಟ್ಯಾಂಪಿಗೂ ಪ್ಲೇಟ್ ನಂಬರ್ ಇರುತ್ತಾ ಸರ್? ಕವರ್‌ಗೆ ಕೊಡುವ ದುಡ್ಡಿನಲ್ಲಿ ನಾನು ಹತ್ತು ಸಲ ಜರ್ಮನಿಗೆ ಕಳಿಸಬಹುದು.

ಕವರ್ ಮಾತ್ರ: ಕಳಿಸಿ. ಡ್ಯೂಟಿ ಕಟ್ಟುತ್ತಾ ಇರಿ.

ಮುತ್ತಜ್ಜನ ಟ್ರಂಕು: ಸಿ.ಇ.ಎಫ್. ಫ್ರೀ ಕೊಡುತ್ತಾರೆ ಅಂದಾಗ ಬೇಜಾರಾಯಿತು. ಅದು ಚೀನಾಕ್ಕೆ ಹೋದ ನಮ್ಮ ಸೈನಿಕರ ಸ್ಟ್ಯಾಂಪ್ ರೀ. ನಮ್ಮ ಮುತ್ತಜ್ಜ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ 1900ರ ಬಾಕ್ಸರ್ ಗಲಾಟೆಗೆ ಬೆಂಗಳೂರಿಂದ ಹೋದವರು. ಅವರ ಕಾಗದಗಳು ಟ್ರಂಕಿನಲ್ಲೇ ಇವೆ, ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್ ಮುದ್ರೆ ಸಮೇತ. ನಮ್ಮ ಮನೆಯ ಕವರ್‌ಗೆ ಲಂಡನ್ನಿನವರು ಯಾಕೆ ಸರ್ಟಿಫಿಕೇಟ್ ಕೊಡಬೇಕು? ಹರಾಜಿನವರು ಕೇಳಿದರು, ಕೊಡಲ್ಲ ಅಂದೆ. ಸ್ಕ್ಯಾನ್ ಹಾಕಿದ್ದೇನೆ, ನೋಡಿ.

ಕವರ್ ಮಾತ್ರ: ನೋಡಿದೆ. ಎರಡನೇ ಕವರ್ ಮೇಲೆ ಐದನೇ ಜಾರ್ಜ್ ಇದ್ದಾನೆ. ಅವನು ರಾಜನಾಗಿದ್ದೇ 1910ರಲ್ಲಿ. ನಿಮ್ಮ ಮುತ್ತಜ್ಜ ಹತ್ತು ವರ್ಷ ಅಲ್ಲೇ ಕೂತು ಬರೆದರಾ?

ಮುತ್ತಜ್ಜನ ಟ್ರಂಕು: ಮಾತು ನೋಡಿಕೊಂಡು ಆಡಿ. ವಿಕ್ಟೋರಿಯಾ ರಾಣಿ ಇರುವುದು ಮುತ್ತಜ್ಜನದು. ಜಾರ್ಜ್ ಇರುವುದು ಅವರ ತಮ್ಮನ ಮಗನದು. ಅವನು ಆಮೇಲೆ ಹೋದವನು. ಸಿ.ಇ.ಎಫ್. 1900ಕ್ಕೇ ಮುಗಿಯಲಿಲ್ಲ, ಜಾರ್ಜ್ ಕಾಲಕ್ಕೂ ಬಂತು. ಅಷ್ಟೂ ಗೊತ್ತಿಲ್ಲದೆ ಎಕ್ಸ್‌ಪರ್ಟ್ ಆಗಿಬಿಟ್ಟಿರಿ.

ಕವರ್ ಮಾತ್ರ: ಗೊತ್ತಿದೆ. ತಮ್ಮನ ಮಗ ಮೊದಲನೇ ಮೆಸೇಜಿನಲ್ಲಿ ಇರಲಿಲ್ಲ, ಅಷ್ಟೇ. ಟ್ರಂಕಿನಲ್ಲಿ ಇದ್ದಿದ್ದಕ್ಕೆಲ್ಲ ಅಸಲಿ ಅನ್ನುವುದಾದರೆ ನಮ್ಮ ಅಟ್ಟದಲ್ಲೂ ಒಂದು ಟ್ರಂಕಿದೆ.

ಖೋಟಾ ಪ್ರೇಮಿ: ಜಗಳ ಬಿಡಿ. ನಾನು ನಕಲಿಯನ್ನೇ ಕೊಳ್ಳುವವನು, ಆರಾಮಾಗಿದ್ದೇನೆ. ಜಿನೀವಾದ ಫೂರ್ನಿಯೆ ಹೆಸರು ಕೇಳಿರುತ್ತೀರಿ. ನಕಲು ಅಂತ ಹೇಳಿಯೇ ರಾಜಾರೋಷವಾಗಿ ಮಾರುತ್ತಿದ್ದ. ಸುಳ್ಳು ಓವರ್‌ಪ್ರಿಂಟ್, ಸುಳ್ಳು ಮುದ್ರೆ ಎಲ್ಲ ಅವನ ಹತ್ತಿರ ಸಿಗುತ್ತಿತ್ತು. 1917ರಲ್ಲಿ ಸತ್ತ. ಉಳಿದ ಮಾಲು ಕೊನೆಗೆ ಅಲ್ಲಿನ ಸಂಗ್ರಹಕಾರರ ಸಂಘದ ಕೈಸೇರಿತು. 1928ರಲ್ಲಿ ಅವರು ಅದನ್ನು ಆಲ್ಬಂ ಮಾಡಿ ಮಾರಿದರು. ಈಗ ಅದರ ಒಂದು ಹಾಳೆಗೂ ಒಳ್ಳೆ ರೇಟು. ನನ್ನ ಹತ್ತಿರ 'ಜಾಂಜಿಬಾರ್' ಓವರ್‌ಪ್ರಿಂಟಿನ ನಮ್ಮ ಇಂಡಿಯಾದ ಅರ್ಧಾಣೆ ಸ್ಟ್ಯಾಂಪ್ ಇದೆ. ಅದರಲ್ಲಿ 'ಬಾರ್' ಹೋಗಿ 'ದಾರ್' ಆಗಿದೆ. 1895ರಲ್ಲಿ ಜಾಂಜಿಬಾರಿನ ಪ್ರೆಸ್ಸಿನವರು ನಿಜವಾಗಿಯೂ ಹಾಗೆ ತಪ್ಪಾಗಿ ಅಚ್ಚು ಮಾಡಿದ್ದರು. ನನ್ನದು ಆ ತಪ್ಪಿನ ನಕಲು. 700 ರೂಪಾಯಿ.

45 ಡಿಗ್ರಿ: ನಿಮ್ಮಂಥವರು ಕೊಳ್ಳುವುದರಿಂದಲೇ ಅವರು ಒತ್ತುತ್ತಾ ಇರುತ್ತಾರೆ. ನೀವು ಸತ್ತ ಮೇಲೆ ಅದು ಅಸಲಿ ಅಂತ ಯಾರ ತಲೆಗಾದರೂ ಬೀಳುತ್ತದೆ.

ಖೋಟಾ ಪ್ರೇಮಿ: ಪ್ರತಿಯೊಂದರ ಹಿಂದೆ ಪೆನ್ಸಿಲ್‌ನಲ್ಲಿ 'ನಕಲಿ' ಅಂತ ಬರೆದಿದ್ದೇನೆ ಸ್ವಾಮಿ.

45 ಡಿಗ್ರಿ: ಪೆನ್ಸಿಲ್ ಅಂತೆ! ಅಳಿಸಲು ರಬ್ಬರ್ ಸಿಗಲ್ವಾ?

ಲೂಪ್ ಸಾಕು: 'ಬಿ' ಬಗ್ಗೆ ಯಾರೂ ಹೇಳಲಿಲ್ಲ. ಆ ಓವರ್‌ಪ್ರಿಂಟ್ ಶುರುವಾಗಿದ್ದು 1882ರಲ್ಲಿ. ಸಯಾಮ್ (ಈಗಿನ ಥಾಯ್ಲೆಂಡ್) ದೇಶ ಅಂತರರಾಷ್ಟ್ರೀಯ ಅಂಚೆ ಒಕ್ಕೂಟ ಸೇರಿತು, 1885ರ ಜುಲೈ 1ಕ್ಕೆ ಈ ಆಫೀಸ್ ಮುಚ್ಚಿತು. ಆಮೇಲೆ ಬಂದ ಸ್ಟ್ಯಾಂಪ್ ಮೇಲೆ 'ಬಿ' ಇದ್ದರೆ, ಮುದ್ರೆಯಲ್ಲಿ ಆಮೇಲಿನ ತಾರೀಖು ಇದ್ದರೆ, ಬಿಟ್ಟುಬಿಡಿ. ಇನ್ನೊಂದು. ಓವರ್‌ಪ್ರಿಂಟ್ ಮೊದಲು, ಮುದ್ರೆ ಆಮೇಲೆ. ಮುದ್ರೆಯ ಗೆರೆ ಮೇಲೆ 'ಬಿ' ಕೂತಿದ್ದರೆ ಯಾರೋ ಹಳೇ ಯೂಸ್ಡ್ ಸ್ಟ್ಯಾಂಪ್ ಮೇಲೆ ಮನೆಯಲ್ಲಿ ಒತ್ತಿದ್ದಾರೆ. ಸ್ಟ್ಯಾಂಪನ್ನು ಓರೆ ಬೆಳಕಿಗೆ ಹಿಡಿದು ನೋಡಿ. ನಾನು ಹೀಗೇ ನೋಡಿ ಅರ್ಧ ಡಬ್ಬಿ ಪಕ್ಕಕ್ಕಿಟ್ಟಿದ್ದೇನೆ.

45 ಡಿಗ್ರಿ: ಕಪ್ಪಿನ ಮೇಲೆ ಕಪ್ಪು. ಲೂಪ್‌ (ಭೂತಗನ್ನಡಿ)ನಲ್ಲಿ ಏನು ಕಾಣುತ್ತದೆ? ಮುದ್ರೆಯೇ ಬೀಳದ ಮಿಂಟ್ ಸ್ಟ್ಯಾಂಪ್ ಆದರೆ ಏನು ಮಾಡುತ್ತೀರಿ?

ಲೂಪ್ ಸಾಕು: ಅಗ್ಗದ ಅಸಲಿ ಒಂದನ್ನು ಕೊಂಡುಕೊಳ್ಳಿ. ಎರಡನ್ನೂ 1200 ಡಿಪಿಐಗೆ ಸ್ಕ್ಯಾನ್ ಮಾಡಿ ಒಂದರ ಮೇಲೊಂದು ಇಡಿ. ಅಕ್ಷರದ ಎತ್ತರ, ದಪ್ಪ ಕೂಡದಿದ್ದರೆ ಗೊತ್ತಾಗುತ್ತದೆ.

45 ಡಿಗ್ರಿ: ಆ ಅಗ್ಗದ್ದು ಅಸಲಿ ಅಂತ ಹೇಳಿದವರು ಯಾರು?

ಕವರ್ ಮಾತ್ರ: ಇವರಿಗೆ 11,400 ಇನ್ನೂ ಉರಿಯುತ್ತಿದೆ.

45 ಡಿಗ್ರಿ: 25,400. ಸ್ಟ್ಯಾಂಪಿನ ದುಡ್ಡು ಬಿಟ್ಟಿರಿ.

ಹೊಸ ಆಲ್ಬಂ: ಲೂಪ್ ಸರ್, ಥ್ಯಾಂಕ್ಸ್. ನನ್ನದರಲ್ಲಿ ಮುದ್ರೆ ಮೂಲೆಯಲ್ಲಿದೆ, 'ಬಿ'ಗೆ ತಾಗುವುದೇ ಇಲ್ಲ. ತಾರೀಖೂ ಇಲ್ಲ. ಹಿಂದೆ ಯಾರದೋ ಚಿಕ್ಕ ಸೀಲ್ ಇದೆ, ಪರೀಕ್ಷಕರದಂತೆ.

45 ಡಿಗ್ರಿ: ಸೀಲ್‌ಗೂ ನಕಲಿ ಇದೆ. ಬಿಪಿಪಿ ಸೀಲ್ ಆದರೆ ಕೆಳ ಅಂಚಿನಲ್ಲಿರಬೇಕು. ಮೇಲಕ್ಕೆ ಹೋದಷ್ಟೂ ಸ್ಟ್ಯಾಂಪಿನಲ್ಲಿ ದೋಷ ಜಾಸ್ತಿ ಅಂತ ಅರ್ಥ.

ಮುತ್ತಜ್ಜನ ಟ್ರಂಕು: ಆ ಫ್ರೀ ಸಿ.ಇ.ಎಫ್. ಬೇಡವಾದರೆ ನನಗೆ ಹೇಳಿ. ಕವರ್ ಸಾಹೇಬರಿಗೆ ಮಾತ್ರ ಕೊಡಬೇಡಿ.

ಕವರ್ ಮಾತ್ರ: ಬಿಡಿ ಸ್ಟ್ಯಾಂಪ್ ನನಗೆ ಯಾಕೆ ರೀ.