ಸಿಎ ಮೇಡಂ ಹತ್ತಿರ ಕೇಳಿ: ಗುರುಗ್ರಾಮಕ್ಕೆ ಹೊರಟವರ ಪ್ರಶ್ನೆಗಳು

ಅಡ್ಮಿನ್: ಈ ಭಾನುವಾರದ ಪ್ರಶ್ನೋತ್ತರಕ್ಕೆ ನಮ್ಮ ಉಡುಪಿಯ ಸಿಎ ಮೇಡಂ ಸಿಕ್ಕಿದ್ದಾರೆ. ಏಳು ವರ್ಷ ಗುರುಗ್ರಾಮದ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡಿಕೊಂಡಿದ್ದವರು, ಈಗ ಊರಿನಲ್ಲೇ ಆಫೀಸು. ಎಂಜಿನಿಯರಿಂಗ್ ಕೆಲಸಕ್ಕೆ ದೆಹಲಿ ಕಡೆ ಹೊರಟವರು ಸಂಬಳ, ಬಾಡಿಗೆ, ಬಾಂಡ್, ತೆರಿಗೆ ಬಗ್ಗೆ ಕೇಳಬಹುದು. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಬೇಡ.

ಸುರತ್ಕಲ್ ಹುಡುಗ: ಮೇಡಂ, ಗುರುಗ್ರಾಮದಲ್ಲಿ ಆಫರ್ ಬಂದಿದೆ. 16 ಲಕ್ಷ ಸಿಟಿಸಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,33,000. ತೆರಿಗೆ ಹೋಗಿ 1,20,000 ಕೈಗೆ ಬರುತ್ತದಲ್ವಾ? ಅಪ್ಪ ಈಗಲೇ ಕಾರಿನ ಶೋರೂಮಿಗೆ ಹೋಗಿ ಬಂದರು.

ಉಡುಪಿ ಸಿಎ: ಅಪ್ಪನನ್ನು ಸ್ವಲ್ಪ ತಡೆಯಿರಿ. ಸಿಟಿಸಿ ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ತೋರಿಸುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ. ನೀವು ಇನ್‌ಬಾಕ್ಸ್‌ಗೆ ಕಳಿಸಿದ ಹಾಳೆ ನೋಡಿದೆ. ಮೂಲ ವೇತನ 7,20,000. ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ, 3,60,000. ವಿಶೇಷ ಭತ್ಯೆ 1,20,000. ಈ ಮೂರು ಮಾತ್ರ ತಿಂಗಳು ತಿಂಗಳು ಬರುವ ದುಡ್ಡು. ಒಟ್ಟು 12 ಲಕ್ಷ, ಅಂದರೆ ತಿಂಗಳಿಗೆ 1 ಲಕ್ಷ. ಉಳಿದ 4 ಲಕ್ಷ ಎಲ್ಲಿ? ಕಂಪನಿ ಕಟ್ಟುವ ಪಿಎಫ್, ಅಂದರೆ ಭವಿಷ್ಯ ನಿಧಿ, 86,400. ಗ್ರಾಚ್ಯುಟಿ ಅಂತ 34,600. ವಿಮೆ 15,000. ಸೇರುವಾಗ ಒಮ್ಮೆ ಕೊಡುವ ಬೋನಸ್ 1,50,000. ವರ್ಷದ ಕೊನೆಗೆ "ಸಾಧನೆ ನೋಡಿ" ಕೊಡುವ 1,14,000. ಗ್ರಾಚ್ಯುಟಿ ಕೆಲಸ ಬಿಡುವಾಗಿನ ಮಾತು, ಇವತ್ತು ಅದರಲ್ಲಿ ಒಂದು ಬನ್ಸ್ ಕೂಡ ತಿನ್ನಲಿಕ್ಕಾಗುವುದಿಲ್ಲ.

1 ಲಕ್ಷದಲ್ಲಿ ನಿಮ್ಮ ಪಾಲಿನ ಪಿಎಫ್ 7,200 ಹೋಗುತ್ತದೆ. ಉಳಿದದ್ದು 92,800. ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿ ಉಂಟು, ಹಳೆಯದರಲ್ಲಿ ವಿನಾಯಿತಿ ಜಾಸ್ತಿ, ಹೊಸದರಲ್ಲಿ ದರ ಕಡಿಮೆ. ಮೊದಲು ಹೊಸ ಪದ್ಧತಿಯಲ್ಲಿ ನೋಡುವ. ಆಗಸ್ಟ್‌ಗೆ ಸೇರಿದರೆ ಮಾರ್ಚ್ ತನಕ 8 ಲಕ್ಷ, ಬೋನಸ್ ಸೇರಿ 9.5 ಲಕ್ಷ. 12 ಲಕ್ಷ ದಾಟದ ಕಾರಣ ಈ ವರ್ಷ ತೆರಿಗೆ ಇಲ್ಲ. ಮುಂದಿನ ವರ್ಷ ಸಾಧನೆಯ ದುಡ್ಡೂ ಪೂರ್ತಿ ಬಂದರೆ 13.14 ಲಕ್ಷ. ಸಂಬಳದವರಿಗೆ ಸಿಗುವ 75,000ದ ಕಡಿತ (ಸ್ಟ್ಯಾಂಡರ್ಡ್ ಡಿಡಕ್ಷನ್) ಕಳೆದರೆ 12.39 ಲಕ್ಷ. 12 ಲಕ್ಷ ದಾಟಿದ್ದು 39,000 ಮಾತ್ರ ಆದ್ದರಿಂದ ತೆರಿಗೆಯೂ 39,000ಕ್ಕೆ ನಿಲ್ಲುತ್ತದೆ, ಸೆಸ್ ಸೇರಿ 40,560. ಹಳೆ ಪದ್ಧತಿಯಲ್ಲಿ 22,000 ಬಾಡಿಗೆ ತೋರಿಸಿದರೂ 1 ಲಕ್ಷದ ಹತ್ತಿರ ಹೋಗುತ್ತದೆ. ಹಾಗಾಗಿ ನಿಮಗೆ ಹೊಸದೇ.

ಕೈಗೆ 92,800 ಅಂತ ಇಟ್ಟುಕೊಂಡು ಬದುಕು ಲೆಕ್ಕ ಹಾಕಿ. 1,33,000 ಅಂತ ಅಲ್ಲ.

ಬಜ್ಪೆ ಅಪ್ಪ: ಮೇಡಂ ನನ್ನ ಮಗನಿಗೂ 16 ಲಕ್ಷ. ಕೈಗೆ ಎಷ್ಟು?

ಉಡುಪಿ ಸಿಎ: ಮೇಲೆ ನೋಡಿ.

ಕಾರ್ಕಳದ ಕಲ್ಲು: ಫಾರ್ವರ್ಡ್ ಅಲ್ಲ ಮೇಡಂ, ತುಂಬಾ ಜನ ಮಾಡಿ ನೋಡಿದ್ದು. "ಊರಲ್ಲಿರುವ ಅಮ್ಮನ ಹೆಸರಿಗೆ ಬಾಡಿಗೆ ರಸೀದಿ ಮಾಡಿಸಿ, ಪೂರ್ತಿ ಎಚ್‌ಆರ್‌ಎ ತೆರಿಗೆ ಉಳಿಸಿ. 10 ಜನರಿಗೆ ಕಳಿಸಿ."

ಉಡುಪಿ ಸಿಎ: 10 ಜನರಿಗೆ ಕಳಿಸಿ ಅಂತ ಇದ್ದರೆ ಅದು ಫಾರ್ವರ್ಡೇ ಮಾರಾಯ್ರೆ. ಒಂದು, ಹೊಸ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ ಇಲ್ಲವೇ ಇಲ್ಲ. ಎರಡು, ನೀವು ಇರುವ ಮನೆಗೆ ಬಾಡಿಗೆ ಕೊಟ್ಟರೆ ಮಾತ್ರ ವಿನಾಯಿತಿ. ಮಗ ಮಲಗುವುದು ಗುರುಗ್ರಾಮದಲ್ಲಿ, ಬಾಡಿಗೆ ಕಾರ್ಕಳದ ಮನೆಗೆ, ಇದನ್ನು ಯಾರು ನಂಬುತ್ತಾರೆ? ಲೊಟ್ಟೆ ರಸೀದಿ ಸಿಕ್ಕಿಬಿದ್ದರೆ ಉಳಿಸಿದ ತೆರಿಗೆಯನ್ನೂ ಕಟ್ಟಬೇಕು, ಅದರ 200% ದಂಡವನ್ನೂ ಕಟ್ಟಬೇಕು. ಈ ಸಂದೇಶ ಬರೆದವನು ನಿಮ್ಮ ದಂಡ ಕಟ್ಟಲಿಕ್ಕೆ ಬರುವುದಿಲ್ಲ.

ಇನ್ನೊಂದು. ಗುರುಗ್ರಾಮ ದೆಹಲಿ ಅಲ್ಲ, ಹರಿಯಾಣ. ಹಳೆ ಪದ್ಧತಿಯಲ್ಲಿ ಇರುವವರ ಎಚ್‌ಆರ್‌ಎ ವಿನಾಯಿತಿಗೆ ದೆಹಲಿಯಲ್ಲಿ ಮೂಲ ವೇತನದ 50% ತನಕ ಲೆಕ್ಕ, ಗುರುಗ್ರಾಮದಲ್ಲಿ 40% ತನಕ. ಪ್ರತಿ ವರ್ಷ ಯಾರಾದರೂ ಒಬ್ಬರು ಇದರಲ್ಲಿ ಬೀಳುತ್ತಾರೆ.

ಪಡುಬಿದ್ರಿ ಅಕ್ಕ: ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಕ್ಕನ್ನು ಕರೆದುಕೊಂಡು ಹೋಗಬಹುದಾ?

ಮುಂಬಯಿ ಮಾವ: ನಾವು 1978ರಲ್ಲಿ ಊರು ಬಿಟ್ಟದ್ದು. ಕೈಯಲ್ಲಿ ಒಂದು ಟ್ರಂಕು. ಹೋಟೆಲಿನ ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗುತ್ತಿದ್ದೆವು. ಸಿಟಿಸಿ, ಬೋನಸ್ ಎಂತದ್ದೂ ಇರಲಿಲ್ಲ. ಈಗಿನವರಿಗೆ ಹೊರಡುವ ಮೊದಲೇ ಎಸಿ ಉಂಟಾ ಅಂತ ಪ್ರಶ್ನೆ.

ಸುರತ್ಕಲ್ ಹುಡುಗ: ಮಾವ, ಮೇ ತಿಂಗಳಲ್ಲಿ ಅಲ್ಲಿ 45 ಡಿಗ್ರಿ. ಮೇಜಿನ ಮೇಲೆ ಮಲಗಿದರೆ ದೋಸೆ ಆಗುತ್ತೇವೆ.

ಮುಂಬಯಿ ಮಾವ: ದೋಸೆ ಹೊಯ್ದೇ ನಾವು ಮಕ್ಕಳನ್ನು ಎಂಜಿನಿಯರ್ ಮಾಡಿದ್ದು.

ಉಡುಪಿ ಸಿಎ: ಇಬ್ಬರೂ ಸರಿ. ಮುಂದಿನ ಪ್ರಶ್ನೆ.

ಮಣಿಪಾಲದ ಅಮ್ಮ: ಬಾಡಿಗೆ, ಊಟ ಎಲ್ಲ ಸೇರಿ ಎಷ್ಟು ಬೇಕು? ಮಗಳು ಒಬ್ಬಳೇ ಇರುವುದು.

ಉಡುಪಿ ಸಿಎ: ಒಬ್ಬಳೇ ಪೂರ್ತಿ ಮನೆ ಮಾಡುವುದು ಬೇಡ. ಮೊದಲ ಎರಡು ತಿಂಗಳು ಆಫೀಸಿನ ಹತ್ತಿರ ಪಿಜಿ, ಆಮೇಲೆ ಜೊತೆಗಾರರು ಸಿಕ್ಕಿದರೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಪಾಲು. ಪಾಲಿಗೆ 20,000ದ ಆಚೀಚೆ ಇಟ್ಟುಕೊಳ್ಳಿ, ಮೆಟ್ರೋ ಹತ್ತಿರ ಆದರೆ ಜಾಸ್ತಿ. ಎರಡು ತಿಂಗಳ ಠೇವಣಿ, ದಲ್ಲಾಳಿಗೆ ಹದಿನೈದು ದಿನದ್ದೋ ಒಂದು ತಿಂಗಳದ್ದೋ ಬಾಡಿಗೆ.

ಕರೆಂಟಿನ ಬಗ್ಗೆ ಕೇಳದೆ ಕರಾರಿಗೆ ಸಹಿ ಹಾಕಬೇಡಿ. ಅಲ್ಲಿಯ ದೊಡ್ಡ ಸೊಸೈಟಿಗಳಲ್ಲಿ ಕರೆಂಟು ಹೋದರೆ ಡೀಸೆಲ್ ಜನರೇಟರ್ ಶುರು ಆಗುತ್ತದೆ. ಅದರ ಯೂನಿಟ್ ದರ ಬೇರೆ, ಮಾಮೂಲಿಗಿಂತ ಜಾಸ್ತಿ. ಮೀಟರ್ ಮೊದಲೇ ದುಡ್ಡು ಹಾಕುವಂಥದ್ದು. ನನ್ನ ಮೊದಲ ಜೂನ್‌ನಲ್ಲಿ 2,000 ಹಾಕಿ ಒಂದು ವಾರ ಆಯಿತು ಅಂತ ಸುಮ್ನೆ ಕೂತಿದ್ದೆ. ರಾತ್ರಿ ಒಂದೂವರೆಗೆ ಎಸಿ, ಫ್ಯಾನು, ಲೈಟು ಎಲ್ಲ ಒಟ್ಟಿಗೆ ಬಂದ್. ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿತ್ತು. ನಾನು ಬಾಗಿಲ ಹೊರಗಿನ ಮೀಟರಿಗೆ ಟಾರ್ಚ್ ಬಿಟ್ಟು ನೋಡಿದರೆ ಬಾಕಿ ಸೊನ್ನೆ.

ಚಳಿಗಾಲಕ್ಕೆ ಇಲ್ಲಿಂದ ಸ್ವೆಟರ್ ತೆಗೆದುಕೊಂಡು ಹೋಗುವುದು ದಂಡ. ನಮ್ಮ ಊರಿನ ಸ್ವೆಟರ್ ಅಲ್ಲಿ ಬನಿಯನ್ ಇದ್ದ ಹಾಗೆ. ತೆಂಗಿನೆಣ್ಣೆ ಅಗಲ ಬಾಯಿಯ ಡಬ್ಬದಲ್ಲಿ ಕೊಂಡುಹೋಗಲಿ. ನವೆಂಬರ್ ಬಂದರೆ ಬಾಟಲಿಯೊಳಗೆ ಕಲ್ಲಾಗುತ್ತದೆ.

ಬೈಂದೂರಿನವ: ಒಬ್ಬ ಓನರ್ ಫ್ಲ್ಯಾಟಿನ ಫೋಟೋ ಕಳಿಸಿದ. ಸೇನೆಯಲ್ಲಿ ಇದ್ದಾನಂತೆ. ಗೇಟ್ ಪಾಸ್‌ಗೆ 2,500 ಹಾಕಿ, ಆಮೇಲೆ ಬಾಡಿಗೆಯಲ್ಲಿ ಕಳೆಯುತ್ತೇನೆ ಅಂತಾನೆ. ಹಾಕಲಾ?

ಉಡುಪಿ ಸಿಎ: ಹಾಕಬೇಡಿ. ಮೋಸ.

ಬೈಂದೂರಿನವ: ಗುರುತಿನ ಚೀಟಿ ಕೂಡ ಕಳಿಸಿದ್ದಾನೆ ಮೇಡಂ.

ಉಡುಪಿ ಸಿಎ: ಮೋಸ ಮಾಡುವವನು ಗುರುತಿನ ಚೀಟಿ ಕಳಿಸದೆ ಇರುತ್ತಾನಾ? ಮನೆ ಕಣ್ಣಾರೆ ನೋಡದೆ ಒಂದು ರೂಪಾಯಿ ಕೊಡಬೇಡಿ.

ಕಾಪುವಿನ ಅಣ್ಣ: ಅಲ್ಲಿ ಕುಚ್ಚಲಕ್ಕಿ ಸಿಗುತ್ತದಾ? ನಗಬೇಡಿ, ಸೀರಿಯಸ್ಸಾಗಿ ಕೇಳುತ್ತಿದ್ದೇನೆ.

ದೆಹಲಿಯಲ್ಲಿ ಹತ್ತು ವರ್ಷ: ಹಳದಿ ಲೈನ್ ಮೆಟ್ರೋದಲ್ಲಿ ಐಎನ್‌ಎ ಸ್ಟೇಷನ್‌ನಲ್ಲಿ ಇಳಿಯಿರಿ. ಎದುರೇ ಮಾರ್ಕೆಟ್. ಕೇರಳದವರ ಅಂಗಡಿಯಲ್ಲಿ ಮಟ್ಟ ಅಕ್ಕಿ ಉಂಟು, ಮೀನೂ ಉಂಟು. ಗುರುಗ್ರಾಮದಿಂದ ನೇರ ಬರಬಹುದು. ಮಕ್ಕಳಿದ್ದವರಿಗೆ ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆ ಉಂಟು. ಆರ್.ಕೆ. ಪುರಂನಲ್ಲಿ ಕರ್ನಾಟಕ ಸಂಘ.

ಕಾಪುವಿನ ಅಣ್ಣ: ಮಟ್ಟ ಅಕ್ಕಿ ನಮ್ಮ ಕುಚ್ಚಲಕ್ಕಿ ಅಲ್ಲ.

ದೆಹಲಿಯಲ್ಲಿ ಹತ್ತು ವರ್ಷ: ಗಂಜಿ ಮಾಡಿದರೆ ಗೊತ್ತಾಗುವುದಿಲ್ಲ.

ಕಾಪುವಿನ ಅಣ್ಣ: ನಿಮಗೆ ಗೊತ್ತಾಗುವುದಿಲ್ಲ ಅಂದರೆ ನೀವು ಊರು ಬಿಟ್ಟು ತುಂಬಾ ಸಮಯ ಆಯಿತು.

ಮಣಿಪಾಲದ ಅಮ್ಮ: ಮೀನು ತಂದರೆ ಓನರ್ ಓಡಿಸುತ್ತಾನಂತೆ. ಹೌದಾ?

ಕಾರ್ಕಳದ ಕಲ್ಲು: ಅವರ ಮನೆ, ಅವರ ನಿಯಮ. ಇಷ್ಟ ಇಲ್ಲದಿದ್ದರೆ ಬೇರೆ ಮನೆ ನೋಡಬೇಕು.

ಕಾಪುವಿನ ಅಣ್ಣ: 22,000 ಬಾಡಿಗೆ ಕೊಟ್ಟು ಬಂಗುಡೆ ಹುರಿಯಲಿಕ್ಕೆ ಅಪ್ಪಣೆ ಕೇಳಬೇಕಾ?

ಕಾರ್ಕಳದ ಕಲ್ಲು: ವಾಸನೆ ಪಕ್ಕದ ಮನೆಗೆ ಹೋಗುತ್ತದೆ.

ಕಾಪುವಿನ ಅಣ್ಣ: ನಿಮ್ಮ ಫಾರ್ವರ್ಡುಗಳ ವಾಸನೆ ಇಡೀ ಗ್ರೂಪಿಗೇ ಬರುತ್ತದೆ. ನಾವು ಸುಮ್ನೆ ಇಲ್ವಾ?

ಅಡ್ಮಿನ್: ಮೀನಿನ ವಿಷಯ ಇಲ್ಲಿಗೆ ಸಾಕು.

ಪಡುಬಿದ್ರಿ ಅಕ್ಕ: ಬೆಕ್ಕಿನ ಪ್ರಶ್ನೆ?

ಕಟಪಾಡಿಯ ಹುಡುಗಿ: ಮೇಡಂ, ತಡವಾಗಿ ಕೇಳುತ್ತಿದ್ದೇನೆ. ನನಗೆ ಗುರುಗ್ರಾಮದ ಒಂದು ಕಂಪನಿಯಲ್ಲಿ ಎಂಬೆಡೆಡ್ ಎಂಜಿನಿಯರ್ ಕೆಲಸ. 11 ಲಕ್ಷ. ಈಗ ಮಂಗಳೂರಿನಲ್ಲಿ 4.8 ಲಕ್ಷದ ಕೆಲಸ. ಅವರು ಎರಡು ವರ್ಷದ ಬಾಂಡ್ ಕೇಳಿದ್ದಾರೆ. ಮಧ್ಯೆ ಬಿಟ್ಟರೆ 3 ಲಕ್ಷ. ಸಾಗಾಟದ ಖರ್ಚು 80,000 ಕೊಡುತ್ತಾರೆ. ಸೇರುವ ದಿನ ಡಿಗ್ರಿಯ ಅಸಲಿ ಪ್ರಮಾಣಪತ್ರ, ಮತ್ತೆ ಸಹಿ ಹಾಕಿದ ಒಂದು ಖಾಲಿ ಚೆಕ್ ಕೊಡಬೇಕಂತೆ. ಎಲ್ಲರೂ ಕೊಟ್ಟಿದ್ದಾರೆ ಅಂತ ಎಚ್‌ಆರ್ ಹೇಳಿದರು. ಇದು ಮಾಮೂಲಿಯಾ?

ಕಾರ್ಕಳದ ಕಲ್ಲು: ಬಾಂಡ್ ಅನ್ನುವುದೇ ಕಾನೂನುಬಾಹಿರ. ಧೈರ್ಯವಾಗಿ ಸಹಿ ಹಾಕಿ, ಬೇಕಾದಾಗ ಬಿಡಿ. ಏನೂ ಆಗುವುದಿಲ್ಲ. ವಕೀಲರೊಬ್ಬರ ವಿಡಿಯೋ ಉಂಟು, ಹಾಕುತ್ತೇನೆ.

ಉಡುಪಿ ಸಿಎ: ದಮ್ಮಯ್ಯ, ಆ ವಿಡಿಯೋ ಹಾಕಬೇಡಿ.

ಕಟಪಾಡಿಯವರೇ, ಇದು ಮಾಮೂಲಿ ಅಲ್ಲ. ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಹೆದರಿಕೆ ಆದದ್ದು ಇದೊಂದೇ. ನಾನು ವಕೀಲೆ ಅಲ್ಲ, ಆದರೆ ಇಂಥ ಕಾಗದಗಳನ್ನು ಕಂಪನಿಯ ಕಡೆ ಕೂತು ವರ್ಷಗಟ್ಟಲೆ ನೋಡಿದ್ದೇನೆ.

ಮೊದಲು ಚೆಕ್. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟರೆ ಅದರಲ್ಲಿ 3 ಲಕ್ಷ ಬರೆಯುತ್ತಾರೋ 13 ಲಕ್ಷ ಬರೆಯುತ್ತಾರೋ ಅವರಿಷ್ಟ. ಖಾತೆಯಲ್ಲಿ ದುಡ್ಡಿಲ್ಲದೆ ವಾಪಸಾದರೆ ನೋಟಿಸು ಬರುತ್ತದೆ. ಆಗಲೂ ಕಟ್ಟದಿದ್ದರೆ ಅದು ಕ್ರಿಮಿನಲ್ ಕೇಸು. ಎರಡು ವರ್ಷದ ತನಕ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನ ತನಕ ದಂಡ, ಅಥವಾ ಎರಡೂ ಆಗಬಹುದು. ಅಕ್ಷರ ನನ್ನದಲ್ಲ ಅಂದರೆ ಕೇಳುವುದಿಲ್ಲ. ಸಹಿ ನಿಮ್ಮದಾದರೆ ಬೇರೆಯವರು ತುಂಬಿದರೂ ಅದು ಚೆಕ್ಕೇ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸಾಲ ಇರಲಿಲ್ಲ ಅಂತ ತೋರಿಸುವ ಹೊರೆ ನಿಮ್ಮ ತಲೆಗೆ. ಕೇಸು ಗುರುಗ್ರಾಮದಲ್ಲಿ ನಡೆದರೆ, ಪ್ರತಿ ತಾರೀಕಿಗೆ ಕಟಪಾಡಿಯಿಂದ ಹೋಗುತ್ತೀರಾ?

ಪ್ರಮಾಣಪತ್ರ. ಅಸಲಿಯನ್ನು ಅವರು ನೋಡಬಹುದು, ನಕಲು ತಾಳೆ ಮಾಡಬಹುದು, ಅದೇ ದಿನ ವಾಪಸು ಕೊಡಬೇಕು. ಅವರ ಕಪಾಟಿನಲ್ಲಿ ಬಿಟ್ಟರೆ ನಾಳೆ ಬೇರೆ ಕೆಲಸ ಸಿಕ್ಕಿದರೂ ಕೈ ಕಟ್ಟಿದ ಹಾಗೆ. ಡಿಜಿಲಾಕರ್‌ನಲ್ಲಿ ಇದ್ದರೆ ಅದನ್ನು ತೋರಿಸಿ.

ಬಾಂಡ್. ಕಾನೂನುಬಾಹಿರ ಅನ್ನುವುದು ಅರ್ಧ ಸುಳ್ಳು. ನಮ್ಮ ಮಂಗಳೂರಿನಲ್ಲೇ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಉಂಟಲ್ಲ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದ್ದು. ಅದರ ಒಬ್ಬ ಅಧಿಕಾರಿ ಮೂರು ವರ್ಷ ಮುಗಿಯುವ ಮೊದಲು ಬಿಟ್ಟು 2 ಲಕ್ಷ ಕಟ್ಟಬೇಕಾಯಿತು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2025ರ ಮೇಯಲ್ಲಿ ಕೋರ್ಟು ಬ್ಯಾಂಕಿನ ಪರ ಹೇಳಿತು. ಕೆಲಸದಲ್ಲಿ ಇರುವಷ್ಟು ದಿನಕ್ಕೆ ಇಂಥ ಕರಾರು ತಪ್ಪಲ್ಲ ಅಂತ. ಹಾಗಂತ ಎಲ್ಲ ಬಾಂಡೂ ಸರಿ ಅಂತ ಅಲ್ಲ. ಅದು ಸರ್ಕಾರಿ ಬ್ಯಾಂಕು, ಹೊಸಬರನ್ನು ತೆಗೆದುಕೊಳ್ಳಲಿಕ್ಕೆ ದೇಶಕ್ಕೆಲ್ಲ ಜಾಹೀರಾತು, ಪರೀಕ್ಷೆ ಅಂತ ಖರ್ಚು ಉಂಟು. ನಿಮ್ಮ ಕಂಪನಿ 3 ಲಕ್ಷಕ್ಕೆ ಎಂತ ತರಬೇತಿ ಕೊಡುತ್ತದೆ ಅಂತ ಕೇಳಿ. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ, ಕೋರ್ಟು ಅದರೊಳಗೆ ನ್ಯಾಯ ಕಂಡಷ್ಟು ಕೊಡಿಸುತ್ತದೆ. ತಿಂಗಳು ಹೋದ ಹಾಗೆ ಮೊತ್ತ ಇಳಿಯುವ ಹಾಗೆ ಬರೆಸಿಕೊಳ್ಳಿ.

80,000. ಇದು ಮುಂಗಡವಾಗಿ ಸಿಗುತ್ತದಾ, ಬಿಲ್ ಕೊಟ್ಟ ಮೇಲಾ? ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸು? ಸೇರುವ ಬೋನಸ್ ಇದ್ದವರಿಗೂ ಇದೇ ಮಾತು. ಬೋನಸ್ ಕೊಡುವಾಗ ತೆರಿಗೆ ಹಿಡಿದು ಕೊಡುತ್ತಾರೆ, ವಾಪಸು ಕೇಳುವಾಗ ಪೂರ್ತಿ ಮೊತ್ತ ಕೇಳುತ್ತಾರೆ. ಕೈಗೆ ಬಾರದ ದುಡ್ಡನ್ನೂ ನೀವೇ ತುಂಬಬೇಕು.

ಚೆಕ್ ಕೊಡುವುದಿಲ್ಲ, ಅಸಲಿ ಬಿಡುವುದಿಲ್ಲ ಅಂತ ಮೇಲ್ ಮಾಡಿ. ಫೋನಿನಲ್ಲಿ ಮಾತು ಬೇಡ. ಉತ್ತರ ಬರಹದಲ್ಲಿ ಬರಲಿ.

ಕಾರ್ಕಳದ ಕಲ್ಲು: ಮೇಡಂ ಸುಮ್ನೆ ಹೆದರಿಸುತ್ತಿದ್ದಾರೆ. ನನ್ನ ಅಳಿಯ ಬಾಂಡ್ ಮುರಿದು ಬಂದ, ಏನೂ ಆಗಲಿಲ್ಲ.

ಉಡುಪಿ ಸಿಎ: ನಿಮ್ಮ ಅಳಿಯ ಹೆಲ್ಮೆಟ್ ಹಾಕದೆ ಕೂಡ ಮನೆ ಮುಟ್ಟಿರಬಹುದು. ಅದನ್ನೂ 10 ಜನರಿಗೆ ಕಳಿಸಿ.

ಮುಂಬಯಿ ಮಾವ: ಹೆಣ್ಣು ಮಕ್ಕಳು ಅಷ್ಟು ದೂರ ಹೋಗುವುದೇ ಯಾಕೆ? ಬೆಂಗಳೂರು ಇಲ್ವಾ?

ಮಣಿಪಾಲದ ಅಮ್ಮ: ನೀವು ಮುಂಬಯಿಗೆ ಹೋಗುವಾಗ ಬೆಂಗಳೂರು ಇರಲಿಲ್ವಾ?

ಬಜ್ಪೆ ಅಪ್ಪ: ಮೇಡಂ, ಪಿಎಫ್ ತೆಗೆದು ಬಾಡಿಗೆ ಮನೆಯ ಠೇವಣಿ ಕಟ್ಟಬಹುದಾ? 16 ಲಕ್ಷದ್ದೂ ಒಮ್ಮೆ ಹೇಳಿದ್ದರೆ ಉಪಕಾರ.

ಉಡುಪಿ ಸಿಎ: ಪಿಎಫ್ ತೆಗೆಯಬೇಡಿ. ಅದೇ ಯುಎಎನ್‌ಗೆ, ಅಂದರೆ ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ನಂಬರಿಗೆ, ವರ್ಗಾಯಿಸಿ. ಒಟ್ಟು 5 ವರ್ಷ ಆಗದೆ ತೆಗೆದರೆ ತೆರಿಗೆ ಬೀಳುತ್ತದೆ. ಇನ್ನೊಂದಕ್ಕೆ ಉತ್ತರ ಬೆಳಿಗ್ಗೆಯೇ ಕೊಟ್ಟಾಗಿದೆ.

ಬೈಂದೂರಿನವ: ಕೆಎ-20 ಬೈಕ್ ರೈಲಿನಲ್ಲಿ ಹಾಕಿದರೆ ಅಲ್ಲಿ ಓಡಿಸಬಹುದಾ?

ಉಡುಪಿ ಸಿಎ: 12 ತಿಂಗಳಿಗಿಂತ ಜಾಸ್ತಿ ಅಲ್ಲೇ ಇಟ್ಟರೆ ಅಲ್ಲಿಯ ನಂಬರ್ ಮಾಡಿಸಬೇಕು. ಮೊದಲು ಇಲ್ಲಿಯ ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರ. ರೈಲಿಗೆ ಹಾಕುವಾಗ ಪೆಟ್ರೋಲ್ ಖಾಲಿ ಮಾಡಿ. ಸೇನೆಯವನಿಗೆ ದುಡ್ಡು ಹಾಕಲಿಲ್ಲ ತಾನೆ?

ಬೈಂದೂರಿನವ: ಮೊದಲೇ ಹಾಕಿದ್ದೆ ಮೇಡಂ. ಈಗ ಇನ್ನೂ 5,000 ಕೇಳುತ್ತಿದ್ದಾನೆ.

ಉಡುಪಿ ಸಿಎ: ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಿ. ಈಗಲೇ. ಆಮೇಲೆ ಬ್ಯಾಂಕಿಗೆ.

ಕಟಪಾಡಿಯ ಹುಡುಗಿ: ಮೇಡಂ, ಮೇಲ್ ಹಾಕಿದೆ. ಭಾನುವಾರ ಆದರೂ ಎಚ್‌ಆರ್ ಫೋನ್ ಮಾಡಿದರು. ಚೆಕ್ ಬೇಡ, ಆದರೆ ಅಸಲಿ ಬೇಕೇ ಬೇಕು, ಇಲ್ಲದಿದ್ದರೆ ಆಫರ್ ಬೇರೆಯವರಿಗೆ ಅಂದರು. ಬರಹದಲ್ಲಿ ಕೊಡಿ ಅಂದರೆ ಕೊಡಲಿಲ್ಲ.

ಉಡುಪಿ ಸಿಎ: ಬರಹದಲ್ಲಿ ಕೊಡುವ ತನಕ ಮಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಕಟಪಾಡಿಯ ಹುಡುಗಿ: ಶುಕ್ರವಾರ ಕೊಟ್ಟಾಯಿತು ಮೇಡಂ.

ಉಡುಪಿ ಸಿಎ: ಅವರು ಒಪ್ಪಿ ಉತ್ತರ ಕೊಟ್ಟಿದ್ದಾರಾ?

ಕಟಪಾಡಿಯ ಹುಡುಗಿ: ಇಲ್ಲ. ಮ್ಯಾನೇಜರ್ ರಜೆಯಲ್ಲಿದ್ದಾರೆ. ನಾಳೆ ಬರುತ್ತಾರೆ.

ಉಡುಪಿ ಸಿಎ: ಒಳ್ಳೆಯದಾಯಿತು. ರಾಜೀನಾಮೆ ಹಿಂದೆ ತೆಗೆದುಕೊಳ್ಳುತ್ತೇನೆ ಅಂತ ಇವತ್ತು ರಾತ್ರಿಯೇ ಮೇಲ್ ಹಾಕಿ, ಅವರು ಬಂದು ಓದುವ ಮೊದಲು. ನಾಳೆ ಒಂಬತ್ತಕ್ಕೆ ನನ್ನ ಆಫೀಸಿಗೆ ಬನ್ನಿ, ಆಫರ್ ಲೆಟರ್ ಪ್ರಿಂಟ್ ತನ್ನಿ. ವಿಳಾಸ ಇನ್‌ಬಾಕ್ಸ್‌ಗೆ ಹಾಕಿದ್ದೇನೆ. ಉಳಿದವರ ಪ್ರಶ್ನೆಗಳಿಗೆ ಇವತ್ತು ಆಗುವುದಿಲ್ಲ.